ವರನ ಮುಖ

ಮೂರನೇ ಶನಿವಾರಕ್ಕೆ ಒಲಿವಿಯಾಳ ಸಂಶಯ ಗಟ್ಟಿಯಾಯಿತು. ಅಮ್ಮಣಿ ಮಾಡುತ್ತಿರುವುದು ಶುದ್ಧ ಮೋಸ. ಅದಕ್ಕೆ ಕೈಹಿಡಿದು ದಾರಿ ತೋರಿಸುತ್ತಿರುವವಳು ತಾನು.

ಕಂಪ್ಯೂಟರಿನ ಪರದೆಯ ಮೇಲೆ ಬಿಳಿ ಅಂಗಿಯ ಯುವಕನೊಬ್ಬ ಮುಕ್ಕಾಲು ಪಾಲು ತಯಾರಾಗಿದ್ದ. ಹಣೆ ಅಮ್ಮಣಿಯ ಗಂಡನ ಮದುವೆ ಫೋಟೊದಿಂದ ಬಂದದ್ದು. ಕಣ್ಣು ಅವಳ ತಮ್ಮ ಮಾಯಿಲಪ್ಪನದು. ಮೂಗು ಸ್ವತಃ ಅಮ್ಮಣಿಯದು. ಒಂದೊಂದನ್ನೂ ಕತ್ತರಿಸಿ, ಪದರದ ಮೇಲೆ ಪದರ ಕೂರಿಸಿ, ಅಂಚು ಕಾಣದ ಹಾಗೆ ಬ್ರಷ್ ಆಡಿಸುವುದನ್ನು ಕಲಿಸಿದವಳು ಒಲಿವಿಯಾ. ಮಂಗಳೂರಿನ ಬಲ್ಮಠದ ಗ್ರಂಥಾಲಯವೊಂದರ ಮಾಳಿಗೆಯಲ್ಲಿ ಪ್ರತಿ ಶನಿವಾರ ಅವಳ ತರಗತಿ. ಜಿಂಪ್ ಎಂಬ ಫೋಟೊ ತಿದ್ದುವ ತಂತ್ರಾಂಶ ಪುಕ್ಕಟೆ, ಅವಳ ಪಾಠವೂ ಪುಕ್ಕಟೆ. ಬರುವವರೆಲ್ಲ ಡ್ರ್ಯಾಗನ್ನು, ರಾಕ್ಷಸ ಬರೆಯುವ ಹುಚ್ಚಿನ ಕಾಲೇಜು ಮಕ್ಕಳು. ಐವತ್ತು ದಾಟಿದವಳು, ಬೆಂಗ್ರೆಯಿಂದ ದೋಣಿಯಲ್ಲಿ ಹೊಳೆ ದಾಟಿ ಬರುವವಳು ಅಮ್ಮಣಿ ಒಬ್ಬಳೇ. ಮೊದಲ ದಿನ ಮೌಸನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

"ಮಗನಿಗೆ ಮದುವೆ, ಟೀಚರ್. ಅವನದ್ದೊಂದು ಫೋಟೊ ಆಗ್ಬೇಕು," ಎಂದಿದ್ದಳು ಆಗ.

"ಅವನನ್ನೇ ಕರ್ಕೊಂಡು ಬನ್ನಿ ಅಮ್ಮಣಿಯಕ್ಕ. ಮೊಬೈಲಲ್ಲಿ ತೆಗೆದು ಕೊಡ್ತೇನೆ."

"ಅವನು ಇಲ್ಲಿ ಇಲ್ಲ."

ಇಲ್ಲಿ ಇಲ್ಲ ಎಂದರೆ ಮಂಗಳೂರಿನಲ್ಲಿ ಗಲ್ಫ್ ಎಂದೇ ಅರ್ಥ. ಒಲಿವಿಯಾ ಮುಂದೆ ಕೇಳಲಿಲ್ಲ. ಕೇಳದಿದ್ದರೂ ತಲೆಯಲ್ಲಿ ಹುಳ ಕೊರೆಯುತ್ತಿತ್ತು. ಗಲ್ಫಿನಲ್ಲಿ ಇರುವವನ ಹತ್ತಿರ ಫೋನ್ ಇಲ್ಲವೇ? ಇಪ್ಪತ್ತೆಂಟು ವರ್ಷದ ಮಗನ ಒಂದೇ ಒಂದು ಫೋಟೊ ಹೆತ್ತವಳ ಹತ್ತಿರ ಇಲ್ಲವೇ? ಇರುತ್ತದೆ, ತೋರಿಸುವ ಹಾಗಿರುವುದಿಲ್ಲ. ಮುಖ ಸುಟ್ಟುಹೋಗಿರಬಹುದು. ಬುದ್ಧಿ ಬೆಳೆಯದವನೂ ಆಗಿರಬಹುದು.

ಈ ದಿನ ಅಮ್ಮಣಿ ಬಂದವಳೇ ಒಂದು ಚೀಟಿಯನ್ನು ಮೇಜಿನ ಮೇಲಿಟ್ಟಳು. "ಇದು ಹುಡುಗಿಯ ತಾಯಿಯ ನಂಬರು. ಫೋಟೊ ಆದ ಮೇಲೆ ಇದಕ್ಕೆ ಕಳಿಸಿ ಟೀಚರ್, ಅವರಿಗೂ ನೋಡುವ ಆಸೆ ಉಂಟು." ಆಮೇಲೆ ಪರದೆಯತ್ತ ಬಾಗಿ ಹೇಳಿದಳು: "ಎಡ ಕೆನ್ನೆಯಲ್ಲಿ ಗುಳಿ ಬೇಕು. ಅದೊಂದು ಅವನದ್ದೇ."

"ಉಳಿದದ್ದು?"

"ಉಳಿದದ್ದು ಹೀಗೇ ಇರಬಹುದು ಅಂತ."

"ಹುಡುಗಿ ಅವನನ್ನು ನೋಡಿದ್ದಾಳಾ?"

"ಇಲ್ಲ. ಹಿರಿಯರೇ ಮಾತಾಡಿದ್ದು. ಬರುವ ಗುರುವಾರ ಮದುವೆ, ಆಟಿ ತಿಂಗಳು ಮುಗಿಯುವ ಮೊದಲೇ ಆಗ್ಬೇಕಲ್ಲ."

"ಮದುವೆ ದಿನ ಎಲ್ಲರಿಗೂ ಗೊತ್ತಾಗುವುದಿಲ್ವಾ?"

"ಆ ದಿನ ಯಾರೂ ಎಂತದೂ ಹೇಳುವುದಿಲ್ಲ." ಅಮ್ಮಣಿ ತಲೆ ತಗ್ಗಿಸಿದಳು. "ಹೆಚ್ಚು ಕೇಳ್ಬೇಡಿ ಟೀಚರ್. ನನಗೆ ನಾಚಿಕೆ ಆಗ್ತದೆ."

ನಾಚಿಕೆ ಏನೆಂದು ಒಲಿವಿಯಾಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮೂರು ವರ್ಷದ ಹಿಂದೆ ತಂಗಿ ಗ್ಲೆನಿಟಾಳ ಸಂಬಂಧಕ್ಕೆಂದು ಕಳಿಸಿದ ಫೋಟೊದಲ್ಲಿ ಅವಳ ಕುತ್ತಿಗೆಯ ಬಿಳಿ ಮಚ್ಚೆಯನ್ನು ಒರೆಸಿದವಳು ಇದೇ ಒಲಿವಿಯಾ. ಒಳ್ಳೆಯದಕ್ಕೆಂದೇ ಮಾಡಿದ್ದು. ಹುಡುಗನ ಮನೆಯವರು ಬಂದರು, ಫೋಟೊವನ್ನೂ ಹುಡುಗಿಯನ್ನೂ ನೋಡಿದರು, ಕಾಫಿ ಮುಟ್ಟದೆ ಎದ್ದು ಹೋದರು. ತನ್ನ ಕುತ್ತಿಗೆಯನ್ನು ಅಕ್ಕನೇ ಅಳಿಸಿ ಹಾಕಿದ್ದಾಳೆಂದು ಗ್ಲೆನಿಟಾಗೆ ಗೊತ್ತಾದದ್ದು ಆಗ. ಅಂದಿನಿಂದ ಅಕ್ಕ ತಂಗಿಯರ ಮಧ್ಯೆ ಊಟಕ್ಕೆ ಬಾ, ಬಾಗಿಲು ಹಾಕು ಎನ್ನುವಷ್ಟೇ ಮಾತು. ಪ್ರಾಯಶ್ಚಿತ್ತವೋ ಏನೋ ಎಂಬಂತೆ ಒಲಿವಿಯಾ ಈ ಉಚಿತ ತರಗತಿ ಶುರುಮಾಡಿದ್ದಳು. ಈಗ ಇಲ್ಲಿಯೂ ಅದೇ ಪಾಪ ಅಂಟಿಕೊಳ್ಳುತ್ತಿತ್ತು.

ಅವಳ ಕೈ ಮೌಸಿನಿಂದ ಹಿಂದೆ ಸರಿಯಿತು.

"ಇದು ನನ್ನಿಂದ ಆಗುವುದಿಲ್ಲ ಅಮ್ಮಣಿಯಕ್ಕ," ಎಂದಳು. ಸ್ವರ ಬೇಕಾದದ್ದಕ್ಕಿಂತ ದೊಡ್ಡದಾಯಿತು. "ಇಲ್ಲದ ಮುಖ ತೋರಿಸಿ ಒಂದು ಹುಡುಗಿಯ ಬದುಕು ಹಾಳು ಮಾಡ್ಲಿಕ್ಕೆ ನಾನು ಕಲಿಸುವುದಿಲ್ಲ. ನೀವೂ ಹೆಂಗಸಲ್ವಾ?"

ಮಕ್ಕಳೆಲ್ಲ ತಿರುಗಿ ನೋಡಿದರು. ಅಮ್ಮಣಿ ಹಳೆಯ ಫೋಟೊಗಳನ್ನು ಒಂದೊಂದಾಗಿ ಪ್ಲಾಸ್ಟಿಕ್ ಚೀಲಕ್ಕೆ ಸೇರಿಸಿದಳು.

"ತಪ್ಪಾಯಿತು ಟೀಚರ್," ಎಂದು ಸೆರಗಿನಿಂದ ಮುಖ ಒರೆಸಿಕೊಂಡು ಮೆಟ್ಟಿಲಿಳಿದು ಹೋದಳು. ಮರೆತ ಚೀಟಿ ಮೇಜಿನ ಮೇಲೆಯೇ ಉಳಿಯಿತು.

ಒಲಿವಿಯಾ ಅದನ್ನು ಕೈಗೆ ತೆಗೆದುಕೊಂಡಳು. ಸುಮ್ಮನಿದ್ದರೆ ಮತ್ತೊಬ್ಬ ಗ್ಲೆನಿಟಾ. ವರಾಂಡಕ್ಕೆ ಹೋಗಿ ಆ ನಂಬರಿಗೆ ಫೋನ್ ಮಾಡಿದಳು. ಎತ್ತಿಕೊಂಡದ್ದು ವಯಸ್ಸಾದ ಹೆಂಗಸು.

"ನಾನು ಅಮ್ಮಣಿಯಕ್ಕನಿಗೆ ಕಂಪ್ಯೂಟರ್ ಕಲಿಸುವ ಟೀಚರು. ನಿಮಗೆ ಹುಡುಗನ ಒಂದು ಫೋಟೊ ಬರಬಹುದು, ನಂಬಬೇಡಿ. ಅದು ಅವನ ಮುಖ ಅಲ್ಲ. ಯಾರ್ಯಾರದ್ದೋ ಸೇರಿಸಿ ಮಾಡಿದ್ದು."

"ಗೊತ್ತುಂಟು." ಆಚೆಯ ಸ್ವರದಲ್ಲಿ ಗಾಬರಿಯೇ ಇರಲಿಲ್ಲ. "ಬೇರೆ ಹೇಗೆ ಮಾಡುವುದು? ಆ ಮಗು ಒಂಬತ್ತು ತಿಂಗಳಿಗೇ ತೀರಿಹೋದದ್ದಲ್ವಾ? ಅವಳು ನಿಮಗೆ ಹೇಳಲಿಲ್ವಾ? ಪಾಪ, ಓದಿದವರು ನಗ್ತಾರೆ ಅಂತ ಹೆದರಿರ್ಬೇಕು."

ಒಲಿವಿಯಾಗೆ ಮುಖಕ್ಕೆ ಹೊಡೆದ ಹಾಗಾಯಿತು. ನಾಲ್ಕು ಜನರ ಎದುರು ಆಡಿದ ಮಾತು ಒಂದೊಂದೇ ಕಿವಿಗೆ ಮರಳಿ ಬಂತು. ಓಡಿಹೋಗಿ ಕಾಲು ಹಿಡಿಯೋಣವೆಂದರೆ ದೋಣಿ ಈಗಾಗಲೇ ಹೊರಟಿರುತ್ತದೆ. ಅಷ್ಟು ನಾಚಿಕೆ ಅವಳಿಗೆ ಗ್ಲೆನಿಟಾಳ ಎದುರೂ ಆಗಿರಲಿಲ್ಲ.

"ಹಾಗಾದರೆ ನಿಮ್ಮ ಮಗಳನ್ನು..." ಎಂದು ತೊದಲಿದಳು. "ಗುರುವಾರ ಯಾರಿಗೆ ಮದುವೆ ಮಾಡಿ ಕೊಡುವುದು?"

"ಅವನಿಗೇ. ಹೋದ ಮಕ್ಕಳಿಗೂ ಪ್ರಾಯ ಬಂದಾಗ ಆಟಿಯಲ್ಲಿ ಮದುವೆ ಮಾಡುವ ಕ್ರಮ ನಮ್ಮಲ್ಲಿ ಉಂಟು ಟೀಚರ್. ನಮ್ಮವಳು ಹುಟ್ಟಿ ಹನ್ನೊಂದೇ ದಿನ ಇದ್ದದ್ದು, ಅವಳಿಗೂ ಒಂದು ಮುಖ ಮಾಡಿ ಕೊಡ್ಲಿಕ್ಕೆ ನಿಮ್ಮಿಂದ ಆಗ್ತದಾ?"