ಬೆಂಚಿನ ಆಟಗಾರ

ಪಕ್ಕದ ಮನೆಯ ಚೌಡಯ್ಯ ಮೊಬೈಲಿನಲ್ಲಿದ್ದ ಸುದ್ದಿಯನ್ನು ಎರಡನೇ ಸಲ ಓದಿದ. "ಶಿವಮೊಗ್ಗದಲ್ಲಿ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದಾಗಲೇ ಕುಸಿದು ಬಿದ್ದು ಆಟಗಾರ ಯೋಗರಾಜ್ ಸಾವು. ಹೃದಯಾಘಾತ ಶಂಕೆ."

ಮಾಸ್ತಮ್ಮ ಅಕ್ಕಿಯ ಮೊರವನ್ನು ಕೆಳಗಿಟ್ಟಳು. "ನಮ್ಮ ಪುಷ್ಪಕ್ಕನ ಯೋಗಿನಾ?"

"ಅವನೇ ಕಣಮ್ಮ. ಕಂಪನಿ ಹೆಸರೂ ಹಾಕಿದಾರೆ. ನಿಮ್ಮ ಆನಂದನೂ ಅದೇ ಟೀಮಿಗೆ ಹೋಗಿದಾನಲ್ವಾ?"

ಹೋಗಿದ್ದ. ಬೆಳಿಗ್ಗೆ ಶೂ ಲೇಸು ಕಟ್ಟುತ್ತಿದ್ದವನನ್ನು ಅವಳು ರೇಗಿಸಿದ್ದಳು.

"ಮೂವತ್ತಾರು ತುಂಬ್ತು. ಇನ್ನೂ ಬೆಂಚ್ ಕಾಯ್ತೀಯಲ್ಲೋ. ಆ ಬೆಂಚಿಗೇ ತಾಳಿ ಕಟ್ಟಿಬಿಡು ಅತ್ಲಾಗೆ."

"ಕಟ್ಟಿದ್ರೆ ನಿನ್ ಸೊಸೆಗೆ ನಾಲ್ಕು ಕಾಲು ಕಣಮ್ಮ," ಎಂದು ನಕ್ಕಿದ್ದ. "ಇದೊಂದೇ. ಆಮೇಲೆ ಆಡು ಅಂದ್ರೂ ಆಡಲ್ಲ."

ಆನಂದ, ಯೋಗರಾಜ ಇಬ್ಬರೂ ಭದ್ರಾವತಿಯ ಕ್ವಾರ್ಟರ್ಸಿನ ಸಿಮೆಂಟ್ ಅಂಗಳದಲ್ಲಿ ಒಟ್ಟಿಗೇ ಚೆಂಡು ಹಿಡಿದವರು. ಯೋಗರಾಜನಿಗೆ ಆಟದ ಕೋಟಾದಲ್ಲಿ ಕೆಲಸ ಸಿಕ್ಕಿತು, ವಿದ್ಯಾನಗರದಲ್ಲಿ ಮನೆಯಾಯಿತು. ಆನಂದನೋ, ತನ್ನನ್ನು ಕರೆದ ತಂಡಕ್ಕೆಲ್ಲ ಹೋದ. ಕೊಯಮತ್ತೂರು, ಹೈದರಾಬಾದ್, ಒಂದೇ ವರ್ಷ ನಡೆದು ಮುಚ್ಚಿಹೋದ ಮುಂಬೈಯ ಲೀಗ್. ಈಚೆಗೆ ಟೂರ್ನಿಗೊಂದು ತಂಡ. ಪ್ರತಿ ಸಲವೂ ಬೇರೆ ಬಣ್ಣದ, ಬೇರೆ ನಂಬರಿನ ಜೆರ್ಸಿ ಒಗೆಯಲು ಬೀಳುತ್ತಿತ್ತು. ಪೇಪರಿನಲ್ಲಿ ಮಾತ್ರ ಅವನ ಹೆಸರು ಬಂದು ಎಷ್ಟೋ ವರ್ಷವಾಗಿತ್ತು.

"ಬೆಂಚಲ್ಲಿ ಕೂರೋನ ಹೆಸರು ಯಾರಮ್ಮ ಹಾಕ್ತಾರೆ?" ಎನ್ನುತ್ತಿದ್ದ.

"ಕೂರೋನ ಶೂ ಇಷ್ಟು ಸವೆಯುತ್ತಾ?" ಎಂದು ಒಮ್ಮೆ ಕೇಳಿದ್ದಳು. ಪ್ರಾಕ್ಟೀಸ್ ಎಂದಿದ್ದ.

ಈಗ ಅವನಿಗೆ ಫೋನ್ ಮಾಡಿದಳು. ರಿಂಗಾಯಿತು. ಮತ್ತೆ ಮಾಡಿದಳು. ಎತ್ತಲಿಲ್ಲ.

"ಹೆಣದ ಹತ್ರ ಇರ್ತಾನೆ ಬಿಡಿ," ಎಂದ ಚೌಡಯ್ಯ.

ಒಲೆ ಆರಿಸಿ, ಸೀರೆ ಬದಲಿಸಿ ಬಸ್ಸು ಹತ್ತಿದಳು. ಯೋಗಿಯ ಮಂಡಿ ಆಪರೇಷನ್ ಆಗಿ ಆರು ತಿಂಗಳೂ ಆಗಿರಲಿಲ್ಲ. ಮೆಟ್ಟಿಲು ಹತ್ತಲಾರ ಎಂದು ಪುಷ್ಪಕ್ಕ ಯುಗಾದಿಯಲ್ಲಿ ಅತ್ತಿದ್ದಳು. ಅಂಥವನನ್ನು ಆಡಿಸಿ ಕೊಂದರಲ್ಲ, ಪಾಪಿಗಳು. ಪುಷ್ಪಕ್ಕನನ್ನು ತಬ್ಬಿಕೊಂಡು ಸಮಾಧಾನ ಹೇಳಬೇಕು, ಆಮೇಲೆ ಮಗ ಎಲ್ಲಿದ್ದರೂ ಹುಡುಕಿ ಕೈ ಹಿಡಿದು ಮನೆಗೆ ಕರೆತರಬೇಕು. ಆಟ ಸಾಕು.

ಬಸ್ಸು ಶಿವಮೊಗ್ಗ ಮುಟ್ಟುವ ಹೊತ್ತಿಗೆ ಇನ್ನೊಂದು ಯೋಚನೆಯೂ ಬಂತು. ಸದ್ಯ, ನನ್ನ ಮಗ ಬೆಂಚಲ್ಲಿದ್ದ. ಹಾಗೆ ಅನ್ನಿಸಿದ್ದಕ್ಕೆ ನಾಚಿ ಸೆರಗಿನಿಂದ ಮುಖ ಒರೆಸಿಕೊಂಡಳು.

ವಿದ್ಯಾನಗರದ ಆ ಮನೆಯ ಮುಂದೆ ಜನ ಇರಲಿಲ್ಲ. ಬೆಂಕಿ ಇರಲಿಲ್ಲ. ಹೊಸಿಲ ಬಳಿ ಒಂದೇ ಜೊತೆ ಚಪ್ಪಲಿ. ಬೆಳಗಿನ ರಂಗೋಲಿ ಅಳಿಸದೆ ಹಾಗೇ ಇತ್ತು. ಅಡುಗೆಮನೆಯ ಕಿಟಕಿಯಿಂದ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಬರುತ್ತಿತ್ತು. ಒಳಗೆ ಪುಷ್ಪಮ್ಮ ಯಾವುದೋ ಹಾಡು ಗುನುಗುತ್ತಿದ್ದಳು.

ಮಾಸ್ತಮ್ಮ ಗೇಟಿನ ಚಿಲಕದ ಮೇಲಿಟ್ಟ ಕೈಯನ್ನು ಹಿಂದಕ್ಕೆಳೆದಳು. ಇನ್ನೂ ಯಾರೂ ಹೇಳಿಲ್ಲ. ಹೆತ್ತವಳಿಗೆ ಹೇಳುವ ಕರ್ಮ ತನ್ನ ಪಾಲಿಗೇ ಬಂತು.

ಗೇಟಿನ ಬಳಿ ನಿಂತು ಮಾತು ಜೋಡಿಸಿಕೊಂಡಳು. ಧೈರ್ಯ ತಂದ್ಕೋ ಅಕ್ಕ. ಮಗ ನೋವಿಲ್ಲದೆ ಹೋದ. ಆಡ್ತಾ ಆಡ್ತಾನೇ ಹೋದ. ಮೂರು ಸಲ ತುಟಿಯಲ್ಲೇ ಹೇಳಿಕೊಂಡು ಬಾಗಿಲು ತಟ್ಟಿದಳು.

ಬಾಗಿಲು ತೆರೆದವನು ಊರುಗೋಲಿನ ಮೇಲೆ ಭಾರ ಹಾಕಿ ನಿಂತಿದ್ದ. ಯೋಗರಾಜ್. ಅವಳನ್ನು ಕಂಡದ್ದೇ ಊರುಗೋಲು ಬಿಟ್ಟು ಅವಳ ಕಾಲ ಬಳಿ ಕುಸಿದ.

"ಚಿಕ್ಕಮ್ಮಾ, ನನ್ನ ಐಡಿ ಕಾರ್ಡ್ ಹಾಕ್ಕೊಂಡು ಆಡ್ತಿದ್ದೋನು ಆನಂದ."