ತಿಳೀತ್ರಿ ಮೇಡಮ್

"ನಕ್ಷತ್ರದ ವಯಸ್ಸು ಲೆಕ್ಕ ಹಾಕುವುದು ಅರ್ಥವಾಯಿತಾ?" ಎಂದು ಬೆಂಗಳೂರಿನ ವಿಜ್ಞಾನಿ ಪರದೆಯಲ್ಲಿ ಕೇಳಿದ್ದೇ ತಡ, ಚಿಕ್ಕೋಡಿ ಕಾಲೇಜಿನ ತರಗತಿ ಒಂದೇ ದನಿಯಲ್ಲಿ "ತಿಳೀತ್ರಿ ಮೇಡಮ್" ಎಂದಿತು. ಅದು ಉಪನ್ಯಾಸಕ ಜ್ಞಾನದೇವ ಕಲಿಸಿಟ್ಟ ಉತ್ತರ. ಹಳೆಯ ನಿಧಾನದ ಇಂಟರ್ನೆಟ್ಟಿನಲ್ಲಿ ಮುಖಗಳೆಲ್ಲ ಮಬ್ಬಾಗಿ ಕಾಣುತ್ತಿದ್ದಾಗ ಆ ಒಂದು ಮಾತಿನಲ್ಲೇ ಪಾಠ ಸಾಗಿಹೋಗುತ್ತಿತ್ತು.

ಸಂಶೋಧನಾ ಸಂಸ್ಥೆಗಳನ್ನು ಜೋಡಿಸುವ ವೇಗದ ಜಾಲಕ್ಕೆ ಕಾಲೇಜು ಸೇರಿದ ಮೇಲೆ ಇದೇ ಮೊದಲ ಪಾಠ. "ಕೊನೆಯ ಬೆಂಚಿನ ನೀಲಿ ಓಢಣಿಯವಳೇ, ತಿಳಿಯಿತು ಎನ್ನುವಾಗ ಪಕ್ಕದವಳ ಮುಖ ನೋಡಿದೆಯಲ್ಲ, ಯಾಕಮ್ಮ?" ಎಂದರು ಮೇಡಮ್.

ದೀಪಾಲಿ ಎದ್ದು, ಹಿಂದೆ ನಿಂತಿದ್ದ ಜ್ಞಾನದೇವನತ್ತ ತಿರುಗಿದಳು. ತಿಳಿದಿದೆ ಎಂದು ಹೇಳುವಂತೆ ಅವನು ಕಣ್ಸನ್ನೆ ಮಾಡಿದ.

"ಸರ್, ಅದೂ ಕಾಣಿಸುತ್ತಿದೆ," ಎಂದರು ಪರದೆಯಿಂದ ಮೇಡಮ್.

ಜ್ಞಾನದೇವ ಬಂದು ದೀಪಾಲಿಯ ಬೆಂಚಿನ ತುದಿಗೆ ಕುಳಿತ. "ಹಂಗಾರ ಇನ್ನೊಮ್ಮೆ ಹೇಳ್ರಿ ಮೇಡಮ್," ಎಂದ. "ನನಗೂ ತಿಳದಿಲ್ರಿ."