ಗುಳಿಗೆ ಕೊಡುವವರು

ಸುವರ್ಣಾ ಹದಿನೇಳನೆಯ ಪಾಟಿಚೀಲವನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಪುಸ್ತಕ, ಮುರಿದ ಕಂಪಾಸು, ಅರ್ಧ ತಿಂದ ಪೇರಲಹಣ್ಣು. ಗುಳಿಗೆ ಇಲ್ಲ.

"ಮುಂದಿನದು," ಎಂದಳು.

ದೈಹಿಕ ಶಿಕ್ಷಕ ರಾವಸಾಬ ಹದಿನೆಂಟನೆಯದನ್ನು ಎತ್ತಿ ಕೊಟ್ಟ. ಏಳನೆಯ ತರಗತಿಯ ಮಕ್ಕಳು ಗೋಡೆಗುಂಟ ನಿಂತಿದ್ದರು. ಒಬ್ಬರೂ ಅಳುತ್ತಿರಲಿಲ್ಲ. ಅವರ ಮುಖದಲ್ಲಿ ಭಯಕ್ಕಿಂತ ಗೊಂದಲವೇ ಹೆಚ್ಚಾಗಿತ್ತು. ತಮ್ಮ ಮುಖ್ಯೋಪಾಧ್ಯಾಯಿನಿ ಏನು ಹುಡುಕುತ್ತಿದ್ದಾಳೆಂದೇ ತಿಳಿಯದವರಂತೆ ಪಿಳಿಪಿಳಿ ನೋಡುತ್ತಿದ್ದರು. ಆ ನೋಟಕ್ಕೆ ಅವಳ ಪಿತ್ತ ನೆತ್ತಿಗೇರಿತು.

ಹಿಂದಿನ ದಿನ ಪ್ರಾರ್ಥನೆಯ ಹೊತ್ತಿಗೆ ಕಾಂತು ಕುಸಿದು ಬಿದ್ದಿದ್ದ. ಇದೇ ತರಗತಿಯ ಹನ್ನೆರಡು ವರ್ಷದ ಹುಡುಗ, ಕಬಡ್ಡಿ ತಂಡದಲ್ಲೇ ಗಟ್ಟಿಗ. ಮುದ್ದೇಬಿಹಾಳದ ಆಸ್ಪತ್ರೆಯಲ್ಲಿ ಡಾಕ್ಟರು ಸುವರ್ಣಾಳನ್ನು ಪಕ್ಕಕ್ಕೆ ಕರೆದು ಹೇಳಿದ್ದರು: ಹುಡುಗ ತಿಂಗಳುಗಟ್ಟಲೆ ನೋವಿನ ಗುಳಿಗೆ ನುಂಗಿದ್ದಾನೆ, ಡಾಕ್ಟರ ಚೀಟಿ ಇಲ್ಲದೆ ದೊಡ್ಡವರಿಗೂ ಕೊಡದಂಥ ಗುಳಿಗೆ, ಈಗ ಅದಿಲ್ಲದಿದ್ದರೆ ಕೈಕಾಲು ನಡುಗುತ್ತವೆ. ಅವನ ಅವ್ವ ಕಸ್ತೂರೆವ್ವ ಮಂಚದ ಕಾಲು ಹಿಡಿದು ನೆಲದ ಮೇಲೆ ಕೂತುಬಿಟ್ಟಿದ್ದಳು. ಯಾರು ಕೊಟ್ಟರೆಂದು ಸುವರ್ಣಾ ಮೂರು ಸಲ ಕೇಳಿದಳು. ಕಾಂತು ಅವಳ ಮುಖವನ್ನೊಮ್ಮೆ ನೋಡಿ ಗೋಡೆಯ ಕಡೆ ಹೊರಳಿಬಿಟ್ಟ.

ಅದೇ ಸಂಜೆ ಶಾಲಾ ಸಮಿತಿಯ ಅಧ್ಯಕ್ಷರು ದೂರಿನ ಪೆಟ್ಟಿಗೆ ತೆರೆದರು. ಒಳಗೆ ಒಂದೇ ಚೀಟಿ. ‘ದೊಡ್ಡ ಸಾಹೇಬರಿಗೆ,’ ಎಂದು ಶುರುವಾಗಿತ್ತು. ‘ನಮಗ ಒಬ್ಬರು ಗುಳಿಗಿ ಕೊಡ್ತಾರ. ಒಲ್ಲೆ ಅನ್ನಾಕ ಆಗಂಗಿಲ್ಲ. ಅಕ್ಕೋರಿಗೆ ಹೇಳಬ್ಯಾಡ್ರಿ.’

ಒಬ್ಬರು! ಹುಡುಗನೋ ಹುಡುಗಿಯೋ ತಿಳಿಯಬಾರದೆಂದು ಹಾಗೆ ಬರೆದಿದ್ದಾರೆ, ಎಂಥ ಜಾಣರು ಎಂದುಕೊಂಡಳು ಸುವರ್ಣಾ. ಆದರೆ ಅವಳನ್ನು ಸುಟ್ಟದ್ದು ಕೊನೆಯ ಸಾಲು. ಎಂಟು ವರ್ಷದಿಂದ ಈ ಮಕ್ಕಳ ಮೂಗು ಒರೆಸಿದವಳು, ಮಳೆಗಾಲದಲ್ಲಿ ಜ್ವರ ಬಂದವರನ್ನು ತನ್ನ ಸ್ಕೂಟಿಯಲ್ಲಿ ಮನೆ ಮುಟ್ಟಿಸಿದವಳು. ಅವಳಿಗೇ ಹೇಳಬೇಡಿ ಅನ್ನುತ್ತಾರೆ.

ಚೀಲಗಳು ಮುಗಿದವು. ಏನೂ ಸಿಗಲಿಲ್ಲ. "ಯಾರು ಕೊಡಾಕತ್ತಾರ, ಬಾಯಿ ಬಿಡ್ರಿ," ಎಂದು ಅವಳು ಮೇಜು ಗುದ್ದಿದಳು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಇಲ್ಲೇನ್ ಸಿಗತೈತ್ರಿ, ಮೇಡಂ," ರಾವಸಾಬ ಮೆಲ್ಲಗೆ ಅಂದ. "ಗೇಟಿನ ಹೊರಗ ನೋಡ್ರಿ."

ಗೇಟಿನ ಹೊರಗೆ ಇದ್ದದ್ದು ಮಲಿಕಸಾಬನ ಡಬ್ಬಿ ಅಂಗಡಿ. ಪೆಪ್ಪರಮಿಂಟು, ಪೆನ್ನು, ಬಿಸ್ಕೀಟು, ಮೇಲೆ ಮಾಲೆಯಂತೆ ಇಳಿಬಿಟ್ಟ ಗುಟಖಾ ಪೊಟ್ಟಣಗಳು. ಶಾಲೆಯ ಎದುರು ಅದನ್ನು ಮಾರಬೇಡ ಎಂದು ಸುವರ್ಣಾ ಅವನಿಗೆ ಎರಡು ಸಲ ತಾಕೀತು ಮಾಡಿದ್ದಳು. ಈಗ ರಸ್ತೆ ದಾಟಿ ಹೋದವಳೇ ಆ ಪೊಟ್ಟಣಗಳನ್ನು ಕಿತ್ತು ಮಣ್ಣಿಗೆಸೆದಳು. ಗುಟಖಾ ಇಟ್ಟದ್ದು ತನ್ನ ತಪ್ಪೆಂದು ಮಲಿಕಸಾಬ ಕೈಮುಗಿದ. ಗುಳಿಗೆಯ ಮಾತಿಗೆ ಮಾತ್ರ ಇಲ್ಲವೆಂದು ತಲೆಯಾಡಿಸಿದ.

"ನನ್ನ ಹತ್ರ ಹುಡುಗ್ರು ನೀರು ಕುಡ್ಯಾಕ ಬರ್ತಾವ್ರಿ, ಅಕ್ಕೋರ. ಗುಳಿಗಿ ನಿಮ್ಮ ಸಾಲಿ ಒಳಗಿಂದನ ತಂದಿರ್ತಾವ."

ಕದ್ದವನು ಊರಿಗೆಲ್ಲ ಕಳ್ಳತನ ಹೊರಿಸಿದಂತಾಯಿತು ಅವಳಿಗೆ. ಕೈಗೆ ಸಿಕ್ಕ ಗಾಜಿನ ಬರಣಿಯನ್ನು ನೆಲಕ್ಕೆ ಅಪ್ಪಳಿಸಿದಳು. ಪೆಪ್ಪರಮಿಂಟು ರಸ್ತೆಯ ತುಂಬ ಉರುಳಿದವು. ಬಸ್ಸಿಗೆ ಕಾಯುತ್ತಿದ್ದವರೆಲ್ಲ ನೆರೆದರು. ಅಕ್ಕೋರು ಅಂದರೆ ಹೀಗಿರಬೇಕು ಎಂದರು. ಅವಳು ಫೋನು ಮಾಡಿ ಕರೆಸಿದ ಪೊಲೀಸರು ಅಂಗಡಿ ಜಾಲಾಡಿದರು. ಗುಳಿಗೆ ಸಿಗದಿದ್ದರೂ ವಿಚಾರಿಸಬೇಕೆಂದು ಮಲಿಕಸಾಬನನ್ನು ಜೀಪು ಹತ್ತಿಸಿದರು. ಅಂಗಡಿಯ ಬಾಗಿಲು ಎಳೆದು ಕೀಲಿ ಹಾಕಿದವನು ರಾವಸಾಬ.

ಮಧ್ಯಾಹ್ನ ಊಟದ ಗಂಟೆಯಾದ ಮೇಲೆ ಏಳನೆಯ ತರಗತಿಯ ಕೋಮಲ ಆಫೀಸಿನ ಹೊಸ್ತಿಲಲ್ಲಿ ಬಂದು ನಿಂತಳು. ಕಬಡ್ಡಿ ಆಡುವ ಹುಡುಗಿ, ಮೊಣಕಾಲಿನ ತುಂಬ ಹಳೆಯ ಗಾಯದ ಹಕ್ಕಳೆ.

"ಮಲಿಕಸಾಬ ಕಾಕಾನ್ನ ಬಿಡಸ್ರಿ, ಅಕ್ಕೋರ. ಕಾಕಾ ಏನೂ ಕೊಟ್ಟಿಲ್ರಿ. ಚೀಟಿ ಬರದಾಕಿ ನಾನು."

ಸುವರ್ಣಾ ಕನ್ನಡಕ ತೆಗೆದಳು. ಹಾಗಾದರೆ ಕೊಡುವವರು ಹುಡುಗನೋ ಹುಡುಗಿಯೋ ಎಂದು ಕೇಳಿದಳು.

"ಎರಡೂ ಅಲ್ರಿ. ನಮ್ಮ ಮಾಸ್ತರು."

ಹೊರಗೆ ಮೈದಾನದಲ್ಲಿ ರಾವಸಾಬನ ಸೀಟಿ ಕೂಗಿತು. ಕೋಮಲ ದನಿ ತಗ್ಗಿಸಿ ಉಳಿದದ್ದನ್ನೆಲ್ಲ ಹೇಳಿದಳು. ಈ ವರ್ಷದ ಸಾಲಿ ಶುರುವಾದಾಗಿನಿಂದ ಆಟದ ಮಕ್ಕಳಿಗೆ ದಿನಕ್ಕೊಂದು ಗುಳಿಗೆ. ಸುವರ್ಣಾ ತನ್ನ ಪಗಾರದಲ್ಲಿ ತರಿಸಿಕೊಡುತ್ತಿದ್ದ ಬಾಳೆಹಣ್ಣಿನ ಜೊತೆಗೇ ರಾವಸಾಬ ಅದನ್ನೂ ಕೊಡುತ್ತಿದ್ದ. ನುಂಗಿದರೆ ನೋವೇ ಗೊತ್ತಾಗುತ್ತಿರಲಿಲ್ಲ, ಎಷ್ಟು ಬಿದ್ದರೂ ಎದ್ದು ಆಡಬಹುದಿತ್ತು. ಪಂದ್ಯದ ದಿನ ಎರಡು. ನಿಡಗುಂದಿಯಲ್ಲಿ ಶೀಲ್ಡು ಗೆದ್ದದ್ದು ಹಾಗೆ. ಆಮೇಲೆ ಆಟ ಇಲ್ಲದ ದಿನವೂ ಕಾಂತು ಬೇಡಿ ಇಸಿದುಕೊಳ್ಳತೊಡಗಿದ್ದ.

ಸುವರ್ಣಾ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. ಠಾಣೆಗೆ ಫೋನು ಮಾಡಿ, ಮಲಿಕಸಾಬನನ್ನು ಈಗಲೇ ಮನೆಗೆ ಬಿಡಿ, ತಪ್ಪು ನನ್ನದು, ಹಿಡಿಯಬೇಕಾದವನು ಇಲ್ಲಿ ನನ್ನ ಮೈದಾನದಲ್ಲೇ ಇದ್ದಾನೆ ಎಂದಳು. ಫೋನು ಇಟ್ಟ ಮೇಲೂ ಅವಳ ಸಿಟ್ಟು ಇಳಿಯಲಿಲ್ಲ. ಅದು ಎದುರಿಗಿದ್ದ ಹುಡುಗಿಯ ಕಡೆಗೆ ತಿರುಗಿತು.

"ಇಷ್ಟು ದಿನ ನನ್ನ ಮುಂದ ಒಬ್ಬರಾದ್ರೂ ಯಾಕ ಬಾಯಿ ಬಿಡಲಿಲ್ಲ? ಬೆಳಿಗ್ಗೆ ಅಷ್ಟು ಕೇಳಿದ್ರೂ ಗೋಡಿ ಹಂಗ ನಿಂತಿರಲ್ಲ. ನಾ ನಿಮಗ ಏನ್ ಮಾಡಿದ್ದೆ?"

ಕೋಮಲ ಬಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿದಳು.

"ಕೊಡೂಮುಂದ ಮಾಸ್ತರು ದಿನಾ ಹೇಳ್ತಿದ್ರು," ಎಂದಳು. "ಗುಳಿಗಿನೂ ನಿಮ್ಮ ಅಕ್ಕೋರ ಕಳಿಸ್ಯಾರ ಅಂತ."